ಚೀಟಿಯಿಲ್ಲದ ಒಳಲೆ

ಅನಸೂಯಮ್ಮನ ಮನೆಯ ಅಟ್ಟದ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬವೊಂದಿದೆ. ಚಿನ್ನವಿರಬೇಕೆಂದು ಯಾರಾದರೂ ಇಳಿಸಿ ನೋಡಿದರೆ, ಪಾಪ, ಸಿಗುವುದು ಒಳಲೆಗಳು. ಎಳೆಗೂಸಿನ ಬಾಯಿಗೆ ಹಸುವಿನ ಹಾಲು, ಸಕ್ಕರೆ ನೀರು ಹನಿಸುತ್ತಿದ್ದ, ಮೂತಿಯುಳ್ಳ ಪುಟ್ಟ ಬಟ್ಟಲುಗಳು. ಒಂದೊಂದಕ್ಕೂ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿ ತಾಯಿಯ ಹೆಸರು, ಹಿಂತಿರುಗಿಸುವ ತಾರೀಖು ಬರೆದಿದೆ. ಒಂದಕ್ಕೆ ಮಾತ್ರ ಇಲ್ಲ.

ಶಿಡ್ಲಘಟ್ಟದ ಕಡೆಯ ಆರೋಗ್ಯ ಕೇಂದ್ರಕ್ಕೆ ಗುತ್ತಿಗೆಯ ನರ್ಸಾಗಿ ಬಂದ ಹೊಸದರಲ್ಲಿ ಅನಸೂಯಮ್ಮ ಮನೆಮನೆ ಹೊಕ್ಕು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಹೇಳಿದ್ದೇ ಹೇಳಿದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಎಲ್ಲರೂ ತಲೆಯಾಡಿಸುತ್ತಿದ್ದರು, ಅವಳು ಬೀದಿಯ ತಿರುವು ದಾಟುವಷ್ಟರಲ್ಲಿ ಒಳಲೆ ಕೈಗೆ ಬರುತ್ತಿತ್ತು.

ರೇಷ್ಮೆ ಹುಳ ಸಾಕುವ ವರಲಕ್ಷ್ಮಮ್ಮ ತಲೆಯನ್ನೂ ಆಡಿಸಲಿಲ್ಲ. "ಏಮಮ್ಮಾ ನರ್ಸಮ್ಮ, ನಾವೆಲ್ಲ ಒಳಲೆ ಹಾಲು ಕುಡಿದು ಸತ್ತೋದ್ವಾ?"

"ಅದಿರ್ಲಿ, ಚಾಕಿ ಹುಳಕ್ಕೆ ಬಲಿತ ಸೊಪ್ಪು ಹಾಕ್ತೀಯೇನಮ್ಮ?"

"ಯಾರಾದ್ರೂ ಹಾಕ್ತಾರಾ? ಮೊಟ್ಟೆಯಿಂದ ಎದ್ದ ಮರಿ. ಎಳೇ ಸೊಪ್ಪೇ ಆಗ್ಬೇಕು."

"ಹುಳಕ್ಕಿರೋ ಮರ್ಯಾದೆ ಮೊಮ್ಮಗಳಿಗಿಲ್ವಾ?"

ಮುದುಕಿ ಮೊಮ್ಮಗಳ ತೊಟ್ಟಿಲ ಕಡೆ ತಿರುಗಿ ನೋಡಿದಳು. ಆ ಗಳಿಗೆ ಬಿಟ್ಟರೆ ಕೆಟ್ಟೆ ಎಂದುಕೊಂಡ ಅನಸೂಯಮ್ಮ ಒಳಲೆಯನ್ನೇ ಕೇಳಿ ಇಸಿದುಕೊಂಡಳು. "ಆರು ತಿಂಗಳಾದ ದಿನ ನಾನೇ ತಂದುಕೊಡ್ತೀನಿ." ಮಾತಿನಂತೆ ರಾಗಿ ಸರಿ ಉಣಿಸುವ ದಿನ ತಂದೂ ಕೊಟ್ಟಳು. ಮಗು ಗುಂಡುಗುಂಡಾಗಿತ್ತು. ಅಲ್ಲಿಂದ ಹೆರಿಗೆಯಾದ ಮನೆಗಳ ಒಳಲೆಗಳು ಚೀಟಿ ಅಂಟಿಸಿಕೊಂಡು ಆರಾರು ತಿಂಗಳ ಮಟ್ಟಿಗೆ ಅವಳ ಡಬ್ಬ ಸೇರತೊಡಗಿದವು, ಅವಳ ಹೆಸರೇ ಒಳಲೆ ನರ್ಸಮ್ಮ ಎಂದಾಯಿತು. ಆ ಕಾಲವನ್ನು ನೆನೆದರೆ ಈಗಲೂ ಅವಳ ಮುಖ ಅರಳುತ್ತದೆ.

ಮರುವರ್ಷ, ಮೂವತ್ತಾರು ದಾಟಿದ ಮೇಲೆ, ಅವಳಿಗೇ ಭಾನುಪ್ರಿಯಾ ಹುಟ್ಟಿದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎನ್ನುತ್ತಾರಲ್ಲ, ಆ ಮಾತು ಅವಳ ಕೊರಳಿಗೇ ಬಿತ್ತು. ಗುತ್ತಿಗೆಯವರಿಗೆ ಎರಡು ತಿಂಗಳಿಗಿಂತ ಹೆಚ್ಚು ರಜೆಯಿಲ್ಲ ಎಂದರು. "ನಾನಿದೀನಿ, ಹೋಗಮ್ಮ" ಎಂದು ಅತ್ತೆ ಕದಿರಮ್ಮ ತಮ್ಮ ಒಳಲೆ ತೊಳೆದುಕೊಂಡರು. ಪ್ರೀತಿಯಿಂದಲೇ ಕುಡಿಸಿದರು, ಅದರಲ್ಲಿ ಎರಡು ಮಾತಿಲ್ಲ. ಇತ್ತ ಅನಸೂಯಮ್ಮ ಕಂಡವರ ಮನೆಯಲ್ಲಿ ಎದೆಹಾಲಿನ ಪಾಠ ಹೇಳುತ್ತಿದ್ದರೆ ಅವಳದೇ ಹಾಲು ರವಿಕೆ ನೆನೆಸುತ್ತಿತ್ತು. ಸೆರಗು ಎಳೆದುಕೊಂಡು ಪಾಠ ಮುಂದುವರಿಸುತ್ತಿದ್ದಳು. ಇದನ್ನು ಮಗಳಿಗೆ ಎಂದೂ ಹೇಳಿರಲಿಲ್ಲ.

ಈಗ ಭಾನು ಬಾಣಂತನಕ್ಕೆ ಬಂದಿದ್ದಾಳೆ. ಸಿಸೇರಿಯನ್ ಆಗಿ ಹತ್ತು ದಿನ. ಮೊನ್ನೆ ಸಂಜೆ ಕೂಸು ಒಂದೇ ಸಮನೆ ಅತ್ತು, ಇವಳೂ ಅತ್ತು, "ಹಾಲು ಸಾಲ್ತಿಲ್ಲಮ್ಮ. ಡಬ್ಬಿ ಹಾಲು ತರಿಸ್ತೀನಿ" ಎಂದಳು. ಅನಸೂಯಮ್ಮ ಬಾಯಿ ತೆರೆಯುವಷ್ಟರಲ್ಲಿ, "ಪಾಠ ಬೇಡ. ನಂಗೆ ನೀನೆಷ್ಟು ದಿನ ಕೊಟ್ಟೆ, ಅದು ಹೇಳು."

ಸುಳ್ಳು ಹೇಳಿದರೆ ಮೊಮ್ಮಗಳಿಗೆ ಹಾಲು ಉಳಿಯಬಹುದು. ನಿಜ ಹೇಳಿದರೆ ಇಷ್ಟು ವರ್ಷದ ಮಾತಿಗೆ ಏನು ಬೆಲೆ? ಅವಳು ಡಬ್ಬ ಇಳಿಸಿ, ಚೀಟಿಯಿಲ್ಲದ ಒಳಲೆಯನ್ನು ಮಗಳ ಕೈಗಿಟ್ಟಳು.

"ಐವತ್ತೆಂಟು ದಿನ ಕಣೇ. ಆಮೇಲೆ ಇದು. ನಂಗೆ ಹಾಲಿತ್ತು, ನೀನು ಹತ್ರ ಇರ್ಲಿಲ್ಲ." ನೆನೆದ ರವಿಕೆಯ ಸಂಗತಿಯನ್ನೂ ಹೇಳಿದಳು. ಹೇಳುತ್ತ ಅತ್ತಳು.

ಭಾನು ಒಳಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದನ್ನು ಪಕ್ಕಕ್ಕಿಟ್ಟು ಕೂಸನ್ನೆತ್ತಿಕೊಂಡು, "ಎದೆಗೆ ಹೆಂಗೆ ಹಿಡ್ಕೋಬೇಕು, ತೋರಿಸು" ಎಂದಳು.

"ನಿನ್ನೆ ಸಂಜೆಯಿಂದ ಎಷ್ಟು ಬಟ್ಟೆ ಒದ್ದೆ ಮಾಡಿದ್ದಾಳೆ?"

"ಏಳು."

"ಹಂಗಾದ್ರೆ ಹಾಲು ಸಾಲ್ತಿದೆ. ಅವಳ ಹೊಟ್ಟೆ ನಿನ್ನ ಹೊಟ್ಟೆಗೆ ತಾಗ್ಲಿ. ಬಾಯಿ ಅಗಲ ತೆಗೀಲಿ, ಆಮೇಲೆ ಎದೆಗೆ ತಗೋ."

ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಕೂಸು ಕಚ್ಚಿಕೊಂಡಿತು. ಗುಟುಕಿನ ಸದ್ದು ಇಬ್ಬರಿಗೂ ಕೇಳಿಸಿತು.

ಮಗು ಮಲಗಿದ ಮೇಲೆ ಭಾನು ಪ್ಲಾಸ್ಟರ್ ಕೇಳಿದಳು. ಒಳಲೆಗೆ ಅಂಟಿಸಿ ತನ್ನ ಹೆಸರು ಬರೆದಳು, ಬೆರಳೆಣಿಸಿ ಕೂಸಿಗೆ ಆರು ತಿಂಗಳು ತುಂಬುವ ತಾರೀಖು ಹಾಕಿದಳು.

"ತಿಂಗಳ ಕೊನೇಲಿ ನಾನು ರಿಟೈರು ಕಣೇ," ಎಂದಳು ಅನಸೂಯಮ್ಮ.

"ಆದ್ರೇನು? ಆವತ್ತು ರಾಗಿ ಸರಿ ಮಾಡ್ಕೊಂಡು ನೀನೇ ತಂದುಕೊಡ್ಬೇಕು ನರ್ಸಮ್ಮ."

ಅನಸೂಯಮ್ಮ ಒಳಲೆಯನ್ನು ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದಳು. ಇಪ್ಪತ್ತಮೂರು ವರ್ಷದ ಮೇಲೆ ಅದಕ್ಕೂ ಒಂದು ತಾರೀಖು ಬಂದಿತ್ತು.