ಆಚೆ ಅಂಚಿನ ಸಾಲು

‘ಒಲೆ ತಣ್ಣಗೈತೆ, ಮಂಚ ಬೆಚ್ಚಗೈತೆ, ಏಳೇ ಮೈಗಳ್ಳಿ...’

ಚಳ್ಳಕೆರೆ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರದೋ ಮೊಬೈಲು ಹಾಡಿತು. ಬಿ.ಜಿ. ಕೆರೆ ದಾಟುವುದರೊಳಗೆ ಇನ್ನೊಂದು ಸಲ. ಗೋವಿಂದಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಅದು ಅವಳದೇ ದನಿ.

ಮೊಳಕಾಲ್ಮುರಿನಲ್ಲಿ ಮೂವತ್ತು ವರ್ಷದಿಂದ ಅವಳು ರೇಷ್ಮೆ ಸೀರೆ ನೇಯುತ್ತಿದ್ದಾಳೆ. ಅಗಲ ಅಂಚಿನ ಸೀರೆಗೆ ಇಬ್ಬರು ಬೇಕು. ಒಬ್ಬರು ನೇಯಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಆಚೆ ಅಂಚಿನ ಲಾಳಿ ತಳ್ಳಬೇಕು. ಕೈ ತಪ್ಪದಿರಲೆಂದು ಅವರ ಮನೆಯಲ್ಲಿ ಅತ್ತೆಯ ಕಾಲದಿಂದ ಹಾಡು. ನೇಯುವವರದು ಗಂಡನ ಬೈಗುಳ, ಅಂಚಿನವರದು ಹೆಂಡತಿಯ ಜವಾಬು. ಒಬ್ಬರ ಸಾಲನ್ನು ಇನ್ನೊಬ್ಬರು ಹಾಡಿದರೆ ಎಳೆ ಹರಿಯುತ್ತದೆ ಎಂದು ನಂಬಿಕೆ. ಹತ್ತು ವರ್ಷ ಅಂಚಿಗೆ ಕೂತವಳು ಮಗಳು ಶ್ರುತಿ. ‘ಉಟ್ಟ ಪಂಚೆಯ ಅಂಚ ಕೇಳೋ ನನ ಗಂಡ, ಇರುಳೆಲ್ಲ ನೇದವರು ಯಾರಂತ’ ಎಂದು ಅವಳು ಕತ್ತು ಕೊಂಕಿಸುವುದನ್ನು ನೋಡಲೆಂದೇ ಗೋವಿಂದಮ್ಮ ಬೈಗುಳವನ್ನು ಜೋರಾಗಿ ಹಾಡುತ್ತಿದ್ದಳು.

ಕಳೆದ ವರ್ಷ ಶ್ರುತಿ ಮದುವೆಯಾಗಿ ಚಳ್ಳಕೆರೆ ಸೇರಿದಳು. ಆಮೇಲೆ ಆ ಊರಿನ ಸ್ಟುಡಿಯೋದ ನಾಗಭೂಷಣ ಹಾಡು ಹುಡುಕಿಕೊಂಡು ಬಂದು ಮೈಕು ಹಿಡಿದ. ಗೋವಿಂದಮ್ಮ ತನ್ನ ಸಾಲು ಹಾಡಿದಳು. ಲಾಳಿ ಆಚೆಯಿಂದ ಬರುವಷ್ಟು ಹೊತ್ತು ಸುಮ್ಮನಿದ್ದಳು. ಮತ್ತೆ ತನ್ನ ಸಾಲು. ಅದು ಮಗಳ ಜಾಗವೆಂದು ಬಿಟ್ಟಿದ್ದಳು. ಯಾಕೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ವಿಡಿಯೋದಲ್ಲಿ ಆ ಜಾಗಕ್ಕೆ ತಮಟೆ ಬಿತ್ತು, ಮಂಚದ ಮೇಲೆ ಹೊರಳಾಡುವ ಹುಡುಗಿ ಬಂದಳು. ಅವಳಿಗೆ ತುಟಿ ಇತ್ತು, ಮಾತಿರಲಿಲ್ಲ.

ಶ್ರುತಿ ಈಗ ಐದು ತಿಂಗಳ ಬಸುರಿ. ಬೆಳಿಗ್ಗೆ ಏಳುವುದು ತಡವಾದರೆ ಗಂಡ ಬಾಲರಾಜು ಅದೇ ಹಾಡು ಹಾಕುತ್ತಾನೆ. ‘ನಾವೆಲ್ಲಿ ಅಂದ್ವಿ? ನಿಮ್ಮವ್ವನೇ ಅಂತಾಳೆ’ ಎಂದು ಅತ್ತೆ ನಗುತ್ತಾಳೆ. ಮೊನ್ನೆ ಮಗಳು ಫೋನಿನಲ್ಲಿ ಹೇಳಿದ್ದಿಷ್ಟೇ: ‘ಅವ್ವ, ನಿನ್ನ ದನಿ ಕೇಳಿದ್ರೆ ಎದೆ ಧಸಕ್ ಅಂತೈತೆ.’

ಸ್ಟುಡಿಯೋದಲ್ಲಿ ನಾಗಭೂಷಣ ಕುರ್ಚಿ ಒರೆಸಿ ಕೊಟ್ಟ. ‘ಎರಡು ಲಕ್ಷ ಜನ ನೋಡಿದಾರೆ ಕಣಮ್ಮ! ಸೀರೆಗಿಂತ ಈಗ ನೀವೇ ಫೇಮಸ್ಸು.’

‘ಅದ್ರಾಗೆ ಹೆಂಡ್ತಿ ಜವಾಬು ಸೇರ್ಸಪ್ಪ. ಇಲ್ಲಾಂದ್ರೆ ತೆಗದಾಕು.’

‘ಆವತ್ತು ಸುಮ್ನಿದ್ದೋರು ನೀವು. ಈಗ ತೆಗೆದ್ರೂ, ಮೊಬೈಲ್ಗೆ ಇಳಿಸ್ಕಂಡೋರು ಬಿಡ್ತಾರಾ?’

ಅವಳು ಮೈಕನ್ನು ಹತ್ತಿರ ಎಳೆದುಕೊಂಡಳು. ‘ಜವಾಬು ನಾನೇ ಹಾಡ್ತೀನಿ ಹಂಗಾದ್ರೆ.’

ಮೂವತ್ತು ವರ್ಷದಲ್ಲಿ ಮೊದಲ ಸಲ ಆಚೆ ಅಂಚಿನ ಸಾಲು ಅವಳ ಬಾಯಿಂದ ಬಂತು. ನಾಗಭೂಷಣ ರೆಕಾರ್ಡು ಮಾಡಿಕೊಂಡು ತಲೆದೂಗಿದ.

‘ಎರಡ್ನೇ ಭಾಗ ಮಾಡಾಣ. ಆದ್ರೆ ಬರೀ ನೂಲು, ಪಂಚೆ ಅಂದ್ರೆ ಯಾರೂ ನೋಡಲ್ಲ. ಹೀರೋಯಿನ್ ಕೈಗೆ ಪೊರಕೆ ಕೊಡಾಣ, ಗಂಡನ್ನ ಬೀದಿ ತುಂಬ ಅಟ್ಟಾಡಿಸ್ಲಿ!’

‘ಪೊರಕೆ ಬ್ಯಾಡಪ್ಪ. ಅವಳು ನೇಯ್ತಾ ಕೂತಿರ್ಲಿ, ಸಾಕು.’

‘ಕೂತೋಳನ್ನ ಯಾರು ನೋಡ್ತಾರಮ್ಮ?’

ಆ ಪೊರಕೆ ಬಾಲರಾಜುವಿನ ಮೊಬೈಲಿನಲ್ಲಿ ಕುಣಿಯುವುದು, ಮಗಳ ಅತ್ತೆ ಮತ್ತೆ ‘ನಿಮ್ಮವ್ವನೇ ಕಲಿಸ್ತಾಳೆ’ ಅನ್ನುವುದು ಗೋವಿಂದಮ್ಮನಿಗೆ ಕಂಡಿತು. ಅವಳು ಚೀಲ ಎತ್ತಿಕೊಂಡಳು.

‘ಈಗ ಹಾಡಿದ್ದನ್ನ ಅಳಿಸ್ಬಿಡಪ್ಪ.’

‘ಪೂರ್ತಿ ಕೇಳ್ರಿ! ಕೊನೇಗೆ ಅತ್ತೆಗೂ ಒಂದೇಟು. ಅಲ್ಲಿ ತಮಟೆ ಜೋರಾಗಿ—’

ಅವನ ಕೈ ಇನ್ನೂ ಗಾಳಿಯಲ್ಲಿ ತಮಟೆ ಬಾರಿಸುತ್ತಿತ್ತು. ಅವಳು ಮೆಟ್ಟಿಲಿಳಿದು ಹೋದಳು.