ಅಪ್ಪ ಶಟರ್ ಎಳೆದ ದಿನ

ರಾಜ್ಯ ತಂಡಕ್ಕೆ ನಾನು ಆಡಿದ್ದು ಎರಡೇ ಪಂದ್ಯ. ಎರಡನೆಯದನ್ನು ಪಂದ್ಯ ಅನ್ನಬೇಕೋ ಬೇಡವೋ, ಇವತ್ತಿಗೂ ತಿಳಿಯದು. ಹೇಗೆ ಅಂದರೂ ಸಂಕಟ ಒಂದೇ.

ಉಡುಪಿ ಕಡೆಯಿಂದ ಬಂದ ಅಪ್ಪ ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಹತ್ತಿರ ಹೋಟೆಲ್ ಇಟ್ಟಿದ್ದರು. ಹಬ್ಬಕ್ಕೂ ಶಟರ್ ಎಳೆದವರಲ್ಲ. ಗಿರಾಕಿಗೆ ‘ಇಲ್ಲ’ ಅನ್ನುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಇಡ್ಲಿ ಮುಗಿದು ಪಾತ್ರೆ ತೊಳೆದಿಟ್ಟಿದ್ದರೂ ‘ಹತ್ತು ನಿಮಿಷ ಸಾರ್’ ಅನ್ನಬೇಕು. ಕೂತವನು ಬೇರೇನಾದರೂ ತಿನ್ನುತ್ತಾನೆ, ಎದ್ದವನು ಹೋದ ಹಾಗೆಯೇ, ಇದು ಅಪ್ಪನ ಸಿದ್ಧಾಂತ. ಅಕ್ಷರಕ್ಕಿಂತ ಮೊದಲು ನಾನು ಕಲಿತ ವಿದ್ಯೆ ಅದು.

ಅಹಮದಾಬಾದನ್ನು ನಡುಗಿಸಿದ ಭೂಕಂಪವಾಗಿ ಎರಡು ವರ್ಷವಾಗಿತ್ತು. ಸೂರತ್ತಿನಲ್ಲಿ ನನ್ನ ಮೊದಲ ಪಂದ್ಯ. ವೇಗದ ಬೌಲಿಂಗ್ ನನ್ನದು, ಮೂರು ವಿಕೆಟ್ ಬಿತ್ತು. ಫೋನಿನಲ್ಲಿ ಅಪ್ಪನಿಗೆ, “ಒಂದು ಓವರ್ ಆದ್ರೂ ಬಂದು ನೋಡಿ” ಎಂದೆ.

“ಹೋಟೆಲ್ ಬಿಟ್ಟು ಬರ್ಲಿಕ್ಕೆ ಆಗ್ತದಾ ಮಾರಾಯ?”

ನನಗೆ ಬೇಕಿದ್ದದ್ದು ಅದೊಂದೇ. ಅವರು ನೋಡಬೇಕು. ಬಲ ಭುಜದೊಳಗೆ ಆ ಪಂದ್ಯದ ಕೊನೆಯ ದಿನ ಶುರುವಾದ ನೋವನ್ನು ಅದಕ್ಕೇ ಯಾರಿಗೂ ಹೇಳಲಿಲ್ಲ.

ಮುಂದಿನ ಪಂದ್ಯ ವಡೋದರಾದಲ್ಲಿ. ಹಿಂದಿನ ದಿನ ಅಮ್ಮ ಫೋನ್ ಮಾಡಿ, ಅಪ್ಪ ನಾಳೆ ಶಟರ್ ಎಳೆದು ಬರುತ್ತಾರಂತೆ ಎಂದಳು. ನಂಬಲಿಲ್ಲ. ಬೆಳಿಗ್ಗೆ ನೋಡಿದರೆ ಬೌಂಡರಿಯಾಚೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮೊಣಕಾಲ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದಾರೆ! ಅಷ್ಟರಲ್ಲಿ ಭುಜದ ನೋವಿಗೆ ಕೈ ಎತ್ತಿ ತಲೆ ಬಾಚಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ. ಕ್ಯಾಪ್ಟನ್ ಬಂದು, “ಕಂಧಾ ಠೀಕ್ ಹೈ?” ಎಂದು ಭುಜದ ವಿಚಾರ ಕೇಳಿದ. ಅವನಿಗೆ ಏನೋ ಅನುಮಾನವಿತ್ತು. ಇಲ್ಲ ಅಂದಿದ್ದರೆ ಒಂದು ತಿಂಗಳು ವಿಶ್ರಾಂತಿ, ಮತ್ತೆ ಆಟ. ಅಷ್ಟೇ ಆಗುತ್ತಿತ್ತು. ಹೋಟೆಲಿನವನ ಮಗ ನಾನು, ಬಾಯಿಗೆ ‘ಇಲ್ಲ’ ಬರಲಿಲ್ಲ. “ಏಕ್‌ದಮ್ ಠೀಕ್” ಎಂದೆ. ಹಾಗೆಂದ ಆ ಮೂರ್ಖ ಹುಡುಗ ಈಗ ಸಿಕ್ಕರೆ ಕಪಾಳಕ್ಕೆ ಬಾರಿಸುತ್ತೇನೆ.

ಎರಡನೆಯ ಓವರಿನ ಮೂರನೆಯ ಚೆಂಡು. ಭುಜದೊಳಗೆ ಹಳೇ ಬಟ್ಟೆ ಹರಿದಂತಾಯಿತು. ಚೆಂಡು ಅರ್ಧ ದಾರಿಯಲ್ಲೇ ಬಿದ್ದು ಉರುಳಿತು. ಯಾರೋ ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನಗೆ ಆ ಕೈಯೇ ಹೋಯಿತು. ಆಮೇಲೆ ಎರಡು ಆಪರೇಷನ್ ಆದವು, ಒಂದು ಚೆಂಡನ್ನೂ ನಾನು ಎಸೆಯಲಿಲ್ಲ.

ಅಪ್ಪನಿಗೆ ಆಟ ತಿಳಿಯದು. ಕ್ಯಾಪ್ಟನ್ ನನ್ನನ್ನು ಸ್ವಲ್ಪ ಹೊತ್ತು ಕೂರಿಸಿದ್ದಾನೆ ಅಂದುಕೊಂಡು ಮಧ್ಯಾಹ್ನದವರೆಗೂ ಬಿಸಿಲಲ್ಲೇ ಕಾದರು. ಊಟದ ವಿರಾಮದಲ್ಲಿ ಕೈಯನ್ನು ಕುತ್ತಿಗೆಗೆ ಜೋಳಿಗೆಯಂತೆ ಕಟ್ಟಿಸಿಕೊಂಡು ಅವರ ಹತ್ತಿರ ಹೋದೆ.

“ಪುನಃ ಯಾವಾಗ ಬಾಲ್ ಹಾಕ್ತಿ ನೀನು?” ಎಂದರು.

“ಹತ್ತು ನಿಮಿಷ ಅಪ್ಪ.”

ಅವರು ನನ್ನ ಮುಖ ನೋಡಿದರು. ಡಬ್ಬಿಯ ಮುಚ್ಚಳ ತೆಗೆದು, ತಣ್ಣಗಾದ ಗೋಳಿಬಜೆಯನ್ನು ಮುರಿದು, ತಾವೇ ನನ್ನ ಬಾಯಿಗಿಟ್ಟರು.