ಆಳಂದ ನಾಕಾದಲ್ಲಿ ಕೊಳಕೂರಿನ ಡೀಸೆಲ್

ಸೊಲ್ಲಾಪುರದಲ್ಲಿ ಬಸ್ಸು ತಪ್ಪಿದ ನನ್ನನ್ನು ಲಾರಿಗೆ ಹತ್ತಿಸಿಕೊಂಡ ಡ್ರೈವರ್ ಚಾಂದಸಾಬ, ಅಲ್ಲೇ ಸ್ವಂತ ರೊಕ್ಕದಿಂದ ಒಂದು ಕ್ಯಾನ್ ಡೀಸೆಲ್ ತುಂಬಿಸಿಕೊಂಡಿದ್ದ. ಗಡಿಯ ಹತ್ತಿರದ ಪಂಪಿನಲ್ಲಿ ಮಾಲಕರ ಲೆಕ್ಕದಲ್ಲಿ ಟ್ಯಾಂಕು ತುಂಬಿಸಿದ್ದು ಜೇವರ್ಗಿಗೆ ಹೋಗಿಬರಲಿಕ್ಕಷ್ಟೇ. ಕ್ಯಾನಿನದು ಅಲ್ಲಿಂದ ಕೊಳಕೂರಿಗೆ. ಬಾಣಂತನಕ್ಕೆ ತವರಿಗೆ ಹೋದ ಹೆಂಡತಿ ಅಲ್ಲಿದ್ದಳು. ಕೂಸನ್ನು ಅವನಿನ್ನೂ ನೋಡಿರಲಿಲ್ಲ.

ಆಳಂದದ ಗಡಿ ನಾಕಾದಲ್ಲಿ ಸಾಹೇಬರು ಕ್ಯಾನ್ ನೋಡಿದರು. "ಟ್ಯಾಂಕಿನಾಗಿಂದು ನಡೀತದ. ಕ್ಯಾನಿನಾಗಿಂದಕ್ಕ ಲೈಸೆನ್ಸ್ ಬೇಕು, ಇಲ್ಲಂದ್ರ ಟ್ಯಾಕ್ಸು, ದಂಡ."

"ಟ್ಯಾಂಕ್ ತುಂಬೇದರಿ, ಸಾಹೇಬ್ರ, ಇದನ್ನ ಸುರಕೊಳ್ಳಾಕ ಜಾಗಾ ಇಲ್ಲ" ಅಂದ ಚಾಂದಸಾಬ.

ದಂಡ ನಾನು ಕಟ್ಟುತ್ತೇನೆಂದೆ. "ಬ್ಯಾಡ್ರಿ, ರಸೀದಿ ಗಾಡಿ ನಂಬರಿಗಿ ಬರ್ತದ, ಮಾಲಕರಿಗಿ ಗೊತ್ತಾಗ್ತದ" ಅಂದ ಚಾಂದಸಾಬ.

ಸಾಹೇಬರು ಕೆಟ್ಟವರೇನಲ್ಲ. "ಹಂಗಾದ್ರ ಇಂಜಿನ್ ಚಾಲೂ ಇಡಪ್ಪ. ಜಾಗಾ ಆದಂಗ ಟ್ಯಾಂಕಿಗಿ ಸುರಕೋ" ಅಂದರು.

ಹೊತ್ತು ಇಳಿಯುವ ತನಕ ಲಾರಿ ನಿಂತಲ್ಲೇ ಗುಡುಗುಡು ಅನ್ನುತ್ತಿತ್ತು. ಚಾಂದಸಾಬ ಕೂಸಿಗೆಂದು ಕೊಂಡ ಗಿಲಕಿಯನ್ನು ಜೇಬಿನಿಂದ ತೆಗೆಯುವುದು, ಮತ್ತೆ ಇಡುವುದು ಮಾಡುತ್ತಿದ್ದ. ಕೊನೆಗೆ ಕ್ಯಾನ್ ಬರಿದಾಯಿತು; ಟ್ಯಾಂಕು ಮೊದಲಿನಷ್ಟೇ ತುಂಬಿತ್ತು. ಸಾಹೇಬರು ಗೇಟು ಎತ್ತಿಸಿದರು.

ಹೊಗೆ ಜೋಳದ ಹೊಲದ ಮೇಲೆ ದಕ್ಷಿಣಕ್ಕೆ ಹೊರಟಿತ್ತು. ಚಾಂದಸಾಬ ಅದನ್ನೇ ನೋಡಿದ.

"ಕೊಳಕೂರು ಆ ಕಡೀಗೇ ಅದರಿ" ಅಂದ. "ಅದಾದ್ರೂ ಹೋಗಿ ಮುಟ್ಲಿ."